ಆರು ಡಿಸೆಂಬರ್ ದುಡಿದ ನಮ್ಮ ಒಟಿಜಿ ಓವನ್

ಈ ಒಟಿಜಿ, ಅಂದರೆ ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ಕರೆಂಟ್ ಓವನ್, ಮನೆಗೆ ಬಂದು ಆರು ವರ್ಷ ಆಯ್ತು. 28 ಲೀಟರ್, 1500 ವ್ಯಾಟ್, ಮೇಲೆ ಎರಡು ರಾಡ್, ಕೆಳಗೆ ಎರಡು ರಾಡ್, ಒಳಗೊಂದು ಸಣ್ಣ ಫ್ಯಾನ್. ಬೇರೆ ತಿಂಗಳಲ್ಲಿ ವಾರಕ್ಕೊಂದು ಸಲ ಆನ್ ಮಾಡಿದರೆ ಹೆಚ್ಚು. ಡಿಸೆಂಬರಿನಲ್ಲಿ ಮಾತ್ರ ಇದಕ್ಕೆ ಪುರುಸೊತ್ತೇ ಇಲ್ಲ. ಮಕ್ಕಳಿಗೆ ರಜೆ, ಮನೆ ತುಂಬ ನೆಂಟರು, ಹತ್ತು ಮನೆಗೆ ಕೊಡಬೇಕಾದ ಡಬ್ಬಗಳು, ಇದರ ಜೊತೆಗೆ ದಿನದ ಅಡುಗೆ ಇದ್ದೇ ಇದೆ ಅಲ್ವಾ. ಓವನ್ನಿನ ನಿಜವಾದ ಗುಣ ಗೊತ್ತಾಗುವುದು ಆ ನಾಲ್ಕು ವಾರದಲ್ಲೇ. ಕೊಂಡ ಮರುದಿನವೇ ಬರೆದ ವಿಮರ್ಶೆಗಳಲ್ಲಿ ಅದು ಸಿಗುವುದಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಓವನ್ ಒಳ್ಳೆಯದೇ, ಆದರೆ ಅದರ ಡಯಲ್ ಮೇಲಿನ ನಂಬರ್ ನಂಬಬೇಡಿ.

ಮೊದಲ ಡಿಸೆಂಬರ್ ನನಗಿನ್ನೂ ನೆನಪಿದೆ. ಮೂರು ವಾರ ನೆನೆಸಿಟ್ಟ ಒಣಹಣ್ಣು, ಒಳ್ಳೆಯ ಬೆಣ್ಣೆ, ಎಲ್ಲ ಅಳತೆ ಗ್ರಾಂ ಲೆಕ್ಕದಲ್ಲಿ. 160 ಡಿಗ್ರಿಗೆ ಡಯಲ್ ತಿರುಗಿಸಿ ಕೇಕ್ ಇಟ್ಟೆ. ನಲವತ್ತು ನಿಮಿಷಕ್ಕೇ ಸುಟ್ಟ ಸಕ್ಕರೆಯ ವಾಸನೆ ಬಂತು. ಗಾಜಿನ ಬಾಗಿಲಿನಿಂದ ನೋಡಿದರೆ ಮೇಲಿನ ರಾಡ್ ಕೆಂಪಗೆ ಕಾದಿದೆ, ಅದರ ಕೆಳಗೆ ಕೇಕ್ ಉಬ್ಬಿ ನಡುವೆ ಬಿರುಕು ಬಿಟ್ಟಿದೆ, ಮೇಲಿದ್ದ ಒಣದ್ರಾಕ್ಷಿಗಳು ಇದ್ದಿಲಿನ ಚೂರಿನಂತೆ ಆಗಿವೆ. ಕಡ್ಡಿ ಚುಚ್ಚಿದರೆ ಒಳಗೆ ಹಸಿ ಹಿಟ್ಟು. ಎಷ್ಟು ಬೇಜಾರಾಯ್ತು ಅಂದರೆ ಆ ವರ್ಷ ಮತ್ತೆ ಹಣ್ಣಿನ ಕೇಕಿಗೆ ಕೈ ಹಾಕಲೇ ಇಲ್ಲ.

ಮರುವರ್ಷ ಓವನ್ ಒಳಗೆ ಇಡುವ ಪುಟ್ಟ ಥರ್ಮಾಮೀಟರ್ ತಗೊಂಡೆ. ಡಯಲ್ 160 ತೋರಿಸುವಾಗ ಅದರ ಮುಳ್ಳು 190ರ ಹತ್ತಿರ ನಿಂತಿತ್ತು! ಸುಮಾರು 30 ಡಿಗ್ರಿ ವ್ಯತ್ಯಾಸ. ಇಂಥ ಓವನ್‌ಗಳಲ್ಲಿ ಶಾಖ ಹಿಡಿತದಲ್ಲಿಡುವುದು ಸಾಮಾನ್ಯವಾಗಿ ಎರಡು ಬೇರೆ ಲೋಹ ಸೇರಿಸಿ ಮಾಡಿದ ಒಂದು ಪಟ್ಟಿ. ಕಾದಾಗ ಒಂದು ಲೋಹ ಇನ್ನೊಂದಕ್ಕಿಂತ ಜಾಸ್ತಿ ಹಿಗ್ಗುತ್ತದೆ, ಪಟ್ಟಿ ಬಾಗುತ್ತದೆ, ಕರೆಂಟ್ ಕಡಿಯುತ್ತದೆ. ತಣ್ಣಗಾದ ಮೇಲೆ ಮತ್ತೆ ಕೂಡುತ್ತದೆ. ಹಾಗಾಗಿ ಶಾಖ ಸ್ವಲ್ಪ ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ, ಅದು ಸಹಜ. ಆದರೆ ನಮ್ಮದರಲ್ಲಿ ಆ ಏರಿಳಿತದ ಸರಾಸರಿಯೇ ಮೇಲಿತ್ತು. ಈಗ ಓವನ್ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇವೆ, “160 ಬೇಕಿದ್ದರೆ 130”. ಮನೆಯಲ್ಲಿ ಯಾರು ಬೇಕ್ ಮಾಡಿದರೂ ಆ ಚೀಟಿ ನೋಡಿಯೇ ಮಾಡುವುದು. ಅವತ್ತಿನಿಂದ ಒಂದು ಕೇಕೂ ಸುಟ್ಟಿಲ್ಲ.

ಹಣ್ಣಿನ ಕೇಕ್ ಈಗ ನಾನು ಡಿಸೆಂಬರ್ ಮೊದಲ ವಾರದಲ್ಲೇ ಮುಗಿಸುತ್ತೇನೆ. ನಿಜವಾದ 150 ಡಿಗ್ರಿ, ಕೆಳಗಿನ ಹಲಗೆ, ಹೆಚ್ಚುಕಡಿಮೆ ಎರಡು ಗಂಟೆ. ಟಿನ್ನಿನ ಒಳಸುತ್ತಿಗೆ ಎರಡು ಪದರ ಬೇಕಿಂಗ್ ಪೇಪರ್, ಅದು ಅಂಚಿಗಿಂತ ಎರಡು ಬೆರಳು ಮೇಲೆ ನಿಲ್ಲಬೇಕು. ಒಂದು ಗಂಟೆ ಆದ ಮೇಲೆ ಮೇಲೊಂದು ಫಾಯಿಲ್ ಹೊದಿಸುತ್ತೇನೆ. ಈ ಅಳತೆಯ ಓವನ್ನಿನಲ್ಲಿ ಮೇಲಿನ ರಾಡ್ ತೀರಾ ಹತ್ತಿರ, ಹಾಗಾಗಿ ಫಾಯಿಲ್ ಇಲ್ಲದೆ ಆಗುವುದೇ ಇಲ್ಲ. ಪೂರ್ತಿ ಆರಿದ ಮೇಲೆ ಸುತ್ತಿಟ್ಟರೆ ಹಬ್ಬದ ಹೊತ್ತಿಗೆ ರುಚಿ ಇನ್ನೂ ಕೂಡಿರುತ್ತದೆ. ಆತುರದಲ್ಲಿ ಬಿಸಿ ಇರುವಾಗಲೇ ಸುತ್ತಬೇಡಿ, ಒಳಗೆ ಬೆವರಿ ಬೂಷ್ಟು ಬರುತ್ತದೆ.

ಬಿಸ್ಕತ್ತಿನ ವಿಷಯದಲ್ಲಿ ನನಗೆ ಈ ಓವನ್ ಮೇಲೆ ನಿಜಕ್ಕೂ ಪ್ರೀತಿ. ಬೇಗ ಕಾಯುತ್ತದೆ, ಹದಿನೈದು ನಿಮಿಷ ಸಾಕು. ನವೆಂಬರ್ ಕೊನೆಯಲ್ಲೇ ಹಿಟ್ಟು ಕಲಸಿ, ಕೊಳವೆಯಂತೆ ಉರುಳಿಸಿ, ಸುತ್ತಿ ಫ್ರೀಜರಿಗೆ ಹಾಕಿಬಿಡುತ್ತೇನೆ. ನೆಂಟರು ಬಾಗಿಲಿಗೆ ಬಂದಾಗ ಓವನ್ ಹಚ್ಚಿ, ಹಿಟ್ಟನ್ನು ಚಾಕುವಿನಿಂದ ಕತ್ತರಿಸಿ ಟ್ರೇಗೆ ಜೋಡಿಸಿದರೆ ಆಯ್ತು. ಅವರು ಕೈಕಾಲು ತೊಳೆದು, ಮಕ್ಕಳನ್ನು ಮಾತಾಡಿಸಿ ಕೂರುವಷ್ಟರಲ್ಲಿ ಬಿಸಿ ಬಿಸ್ಕತ್ತು ತಯಾರು. ತಣ್ಣನೆಯ ಹಿಟ್ಟಾದ್ದರಿಂದ ಒಂದೆರಡು ನಿಮಿಷ ಜಾಸ್ತಿ ಬೇಕು, ಆದರೆ ಅಂಚು ಹರಡದೆ ಚೊಕ್ಕವಾಗಿ ಬರುತ್ತದೆ. ನಮ್ಮದರಲ್ಲಿ ಹಿಂದಿನ ಬಲ ಮೂಲೆ ಬೇಗ ಕೆಂಪಾಗುತ್ತದೆ. ಏಳನೇ ನಿಮಿಷಕ್ಕೆ ಟ್ರೇ ತಿರುಗಿಸುವುದು ನನ್ನ ಮಗಳ ಕೆಲಸ, ಗಡಿಯಾರ ನೋಡುತ್ತಾ ಸ್ಟೂಲ್ ಹಾಕಿಕೊಂಡು ಕೂತಿರುತ್ತಾಳೆ. ತೆಗೆಯುವಾಗ ನಡುವೆ ಇನ್ನೂ ಮೆತ್ತಗಿರಬೇಕು. ಬಿಸಿ ಟ್ರೇ ಮೇಲೆ ಐದು ನಿಮಿಷ ಬಿಟ್ಟರೆ ತಾನಾಗಿ ಗಟ್ಟಿಯಾಗುತ್ತದೆ.

ಒಟ್ಟಿಗೆ ಎರಡು ಟ್ರೇ ಇಟ್ಟು ಸಮಯ ಉಳಿಸೋಣ ಅಂತ ನಾನೂ ನೋಡಿದ್ದೇನೆ. ಫ್ಯಾನ್ ಇದ್ದರೂ ಆಗುವುದಿಲ್ಲ. ಕೆಳಗಿನದರ ತಳ ಸೀಯುತ್ತದೆ, ಮೇಲಿನದರ ತಲೆ. ಓವನ್ ಜೊತೆ ಕೊಟ್ಟ ಟ್ರೇ ಕೂಡ ಬಿಸ್ಕತ್ತಿಗೆ ಬೇಡ. ಅದು ಗೋಡೆಯಿಂದ ಗೋಡೆಗೆ ಕೂರುತ್ತದೆ, ಗಾಳಿ ಸುತ್ತಲು ಜಾಗವೇ ಇರುವುದಿಲ್ಲ. ಸುತ್ತ ಒಂದಿಂಚು ಬಿಡುವಂಥ ಸಣ್ಣ ಟ್ರೇ ಬೇರೆ ತಗೊಳ್ಳಿ. ಇನ್ನು ಸುಮ್ನೆ ಬಾಗಿಲು ತೆಗೆದು ನೋಡುವ ಅಭ್ಯಾಸ ಬಿಡಬೇಕು. ಒಂದು ಸಲ ತೆಗೆದರೆ ಮುಳ್ಳು 180ರಿಂದ 150ಕ್ಕೆ ಜಾರುವುದನ್ನು ಕಣ್ಣಾರೆ ಕಂಡಿದ್ದೇನೆ. ಆ ಹೊತ್ತಿಗೆ ಅರ್ಧ ಬೆಂದ ಕೇಕ್ ಕುಸಿದುಬಿಡುತ್ತದೆ.

ಕೇಕ್ ಉಬ್ಬದಿದ್ದರೆ ಎಲ್ಲ ತಪ್ಪೂ ಓವನ್ನಿನದಲ್ಲ, ಇದನ್ನೂ ಹೇಳಬೇಕು. ಹೋದ ವರ್ಷದ ಬೇಕಿಂಗ್ ಪೌಡರ್ ಡಬ್ಬ ಇದ್ದರೆ ಒಂದು ಚಮಚ ತೆಗೆದು ಬಿಸಿನೀರಿಗೆ ಹಾಕಿ. ಜೋರಾಗಿ ನೊರೆ ಉಕ್ಕಿದರೆ ಸರಿ, ಇಲ್ಲದಿದ್ದರೆ ಹೊಸದು ತನ್ನಿ.

ಈಗ ಕೈಕೊಟ್ಟ ಕಥೆ. ನಾಲ್ಕನೇ ವರ್ಷ, ಡಿಸೆಂಬರ್ 23ರ ಸಂಜೆ, ಕೆಳಗಿನ ಒಂದು ರಾಡ್ ಹೋಯಿತು. ಸರ್ವಿಸ್‌ನವರಿಗೆ ಮೂರು ಸಲ ಫೋನ್ ಮಾಡಿದೆ, ಪ್ರತಿ ಸಲವೂ “ನಾಳೆ ಬರ್ತೀವಿ ಮೇಡಂ” ಅಂದರು. ಬಂದದ್ದು ಒಂಬತ್ತನೇ ದಿನ, ಹಬ್ಬವೆಲ್ಲ ಮುಗಿದ ಮೇಲೆ. ರಾಡ್ ಬದಲಿಸಲು ಹಿಡಿದದ್ದು ಅರ್ಧ ಗಂಟೆ! ಆ ಕೋಪ ನನಗೆ ಇವತ್ತಿಗೂ ಇದೆ. ಅತ್ತೆ ಅವತ್ತು ದಪ್ಪ ತಳದ ಪಾತ್ರೆ ಒಲೆಯ ಮೇಲಿಟ್ಟು, ಒಳಗೆ ಸ್ಟ್ಯಾಂಡ್ ಹಾಕಿ, ಸಣ್ಣ ಉರಿಯಲ್ಲಿ ಎರಡು ಕೇಕ್ ಬೇಯಿಸಿ ನನ್ನ ಮಾನ ಉಳಿಸಿದರು. ಈಗ ನವೆಂಬರಿನಲ್ಲೇ ನಾಲ್ಕೂ ರಾಡ್ ಸಮನಾಗಿ ಕಾಯುತ್ತಿವೆಯಾ ಅಂತ ನೋಡಿಕೊಳ್ಳುತ್ತೇನೆ.

ಸಣ್ಣ ದೂರುಗಳೂ ಇವೆ. ಡಯಲ್ ಮೇಲಿನ ಅಂಕಿಗಳು ಮೂರನೇ ವರ್ಷಕ್ಕೇ ಅಳಿಸಿದವು. ಹೊರಮೈ ತುಂಬಾ ಕಾಯುತ್ತದೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಓವನ್ನನ್ನು ಕಟ್ಟೆಯ ಅಂಚಿನಿಂದ ಹಿಂದಕ್ಕೆ ತಳ್ಳಿಡಿ, ಆದರೆ ಗೋಡೆಗೆ ತಾಗಿಸಬೇಡಿ. ಎಕ್ಸ್‌ಟೆನ್ಶನ್ ಬೋರ್ಡಿಗಂತೂ ಬೇಡವೇ ಬೇಡ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಡಯಲ್‌ಗೂ ಆ ಸರ್ವಿಸ್‌ಗೂ ಸೇರಿಸಿ.

ನಾದಿನಿ ಹೋದ ವರ್ಷ ಇದೇ ಮಾಡೆಲ್ ತಗೊಂಡಳು. ನಮ್ಮ ಚೀಟಿಯ ಲೆಕ್ಕವನ್ನೇ ಹಿಡಿದಳು, ಕೇಕ್ ಬಿಳಿಚಿಕೊಂಡು ಹಸಿಯಾಗಿಯೇ ಉಳಿಯಿತು. ಅಳೆದು ನೋಡಿದರೆ ಅವಳ ಓವನ್ 10 ಡಿಗ್ರಿ ಕಡಿಮೆ ಕಾಯುತ್ತಿತ್ತು. ಆದ್ದರಿಂದ ನನ್ನ ನಂಬರ್ ನಕಲು ಮಾಡಬೇಡಿ. ಥರ್ಮಾಮೀಟರನ್ನು ಖಾಲಿ ಓವನ್ನಿನ ನಡುವಿನ ಹಲಗೆಯಲ್ಲಿಡಿ, 160ಕ್ಕೆ ತಿರುಗಿಸಿ, ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಅರ್ಧ ಗಂಟೆ, ಐದೈದು ನಿಮಿಷಕ್ಕೊಮ್ಮೆ ಬಾಗಿಲು ತೆಗೆಯದೆ ಗಾಜಿನಿಂದಲೇ ಮುಳ್ಳು ನೋಡಿ ಬರೆದುಕೊಳ್ಳಿ. ಅವುಗಳ ಸರಾಸರಿಗೂ 160ಕ್ಕೂ ಇರುವ ವ್ಯತ್ಯಾಸವೇ ನಿಮ್ಮ ಚೀಟಿಯ ಲೆಕ್ಕ. ಬೆಣ್ಣೆ, ಹಣ್ಣು ತರುವ ಮೊದಲೇ ಈ ಕೆಲಸ ಮುಗಿಸಿ.