ನಾಲ್ಕು ವರ್ಷ ಬಳಸಿದ ಆರ್‌ವಿಜಿ ಸೆನ್ಸರ್: ಚಿತ್ರ ಹೇಗೆ ಬರುತ್ತದೆ?

ಮಲ್ಲೇಶ್ವರದಲ್ಲಿ ನನ್ನದೊಂದು ಸಣ್ಣ ಡೆಂಟಲ್ ಕ್ಲಿನಿಕ್. ರೂಟ್ ಕೆನಾಲ್ ಕೇಸುಗಳೇ ಜಾಸ್ತಿ. ಎಕ್ಸ್‌ರೇ ಫಿಲ್ಮ್ ತೊಳೆಯುವ ಕೆಲಸ ಬಿಟ್ಟು ಆರ್‌ವಿಜಿ ಸೆನ್ಸರ್, ಅಂದರೆ ಬಾಯೊಳಗಿಟ್ಟು ಹಲ್ಲಿನ ಎಕ್ಸ್‌ರೇ ಚಿತ್ರವನ್ನು ನೇರ ಕಂಪ್ಯೂಟರಿಗೆ ಕಳಿಸುವ ಸಾಧನ, ತೆಗೆದುಕೊಂಡು ನಾಲ್ಕು ವರ್ಷ ಆಯ್ತು. ಕಂಪನಿ ಹೆಸರು ಬೇಡ. ಇಲ್ಲಿ ಹೇಳುವುದು ಹೆಚ್ಚಿನ ಸೆನ್ಸರ್‌ಗಳಿಗೂ ಹೊಂದುತ್ತದೆ.

ಚಿತ್ರದ ಬಗ್ಗೆ ನನಗೆ ನಿಜಕ್ಕೂ ಖುಷಿಯಿದೆ. ಬೇರಿನೊಳಗೆ 15ನೇ ನಂಬರ್ ಫೈಲ್ (ಬೇರಿನ ನಾಳ ಕೆರೆಯುವ ಸೂಜಿಯಂಥ ಉಪಕರಣ; ನಂಬರ್ ಕಡಿಮೆಯಾದಷ್ಟೂ ತೆಳು) ಇಟ್ಟು ತೆಗೆದರೆ ಅದರ ತುದಿ ಸ್ಪಷ್ಟವಾಗಿ ಕಾಣುತ್ತದೆ. 8, 10ರ ಫೈಲ್ ಮಾತ್ರ ಮೂಳೆಯ ಗೆರೆಗಳಲ್ಲಿ ಕರಗಿಹೋಗುತ್ತದೆ. ಅದಕ್ಕೇ ಬೇರಿನ ನಾಳದ ಉದ್ದ ಅಳೆಯಲು ಅವನ್ನು ನಂಬುವುದಿಲ್ಲ. ಬ್ರೋಷರ್‌ನಲ್ಲಿ ಮಿಲಿಮೀಟರಿಗೆ 20 ಜೋಡಿ ಗೆರೆ ಬಿಡಿಬಿಡಿಯಾಗಿ ಕಾಣುತ್ತದೆ ಅಂತ ಬರೆದಿರುತ್ತಾರೆ. ಪೇಷೆಂಟ್ ಚೂರು ಅಲುಗಿದರೂ ಆ ಲೆಕ್ಕ ಅಲ್ಲಿಗೇ ಮುಗಿಯಿತು. ಆ ಸಂಖ್ಯೆಗೋಸ್ಕರ ಸುಮ್ನೆ ದುಡ್ಡು ಸುರಿಯಬೇಡಿ.

ಚಿತ್ರ ಹೆಚ್ಚಾಗಿ ಕೆಡುವುದು ಎಕ್ಸ್‌ರೇ ಟ್ಯೂಬ್ ಹಿಡಿಯುವ ಓರೆಯಿಂದ. ತೀರಾ ಮೇಲಿಂದ ಇಳಿಸಿದರೆ ಬೇರು ಮೋಟಾಗುತ್ತದೆ. ಓರೆ ಕಡಿಮೆಯಾದರೆ ಎಳೆದ ಹಾಗೆ ಉದ್ದವಾಗುತ್ತದೆ. ಮೊದಲ ವರ್ಷ ಸೆನ್ಸರ್ ಕೂರಿಸುವ ಹೋಲ್ಡರ್ ಇಲ್ಲದೆ ಪೇಷೆಂಟ್ ಬೆರಳಲ್ಲೇ ಸೆನ್ಸರ್ ಹಿಡಿಸುತ್ತಿದ್ದೆ. ಒಬ್ಬ ಅಜ್ಜಿಯ ಮೇಲಿನ ದವಡೆ ಹಲ್ಲಿಗೆ ಮೂರು ಸಲ ತೆಗೆದೆ. ಮೂರೂ ಸಲ ಕೆನ್ನೆ ಮೂಳೆಯ ನೆರಳು ಬೇರಿನ ಮೇಲೇ ಕೂತಿತು. ನನ್ನ ತಪ್ಪಿಗೆ ಅವರಿಗೆ ಮೂರು ಪಟ್ಟು ವಿಕಿರಣ. ಅವತ್ತು ಸಂಜೆಯೇ ಹೋಲ್ಡರ್‌ಗೆ ಆರ್ಡರ್ ಕೊಟ್ಟೆ. ಸೆನ್ಸರ್ ಹಲ್ಲಿಗೆ ಸಮಾನಾಂತರ ಕೂತರೆ ಅರ್ಧ ಕಷ್ಟ ಕಳೆದಂತೆ.

ನನ್ನ ಎಕ್ಸ್‌ರೇ ಮೆಷಿನ್‌ನಲ್ಲಿ ಕೆವಿ, ಎಂಎ (ಕಿರಣದ ಶಕ್ತಿ, ಪ್ರಮಾಣ ನಿರ್ಧರಿಸುವ ವೋಲ್ಟೇಜ್, ಕರೆಂಟ್) ಬದಲಾಗುವುದಿಲ್ಲ, ಸಮಯ ಒಂದೇ ನನ್ನ ಕೈಯಲ್ಲಿರುವುದು. ಸಮಯ ಕಡಿಮೆಯಾದರೆ ಚಿತ್ರದ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಜಾಸ್ತಿಯಾದರೆ ಹಲ್ಲುಗಳ ನಡುವಿನ ತೆಳು ಮೂಳೆ ಕಪ್ಪಾಗಿ ಮಾಯವಾಗುತ್ತದೆ. ಹಾಗೆ ಹೋದದ್ದನ್ನು ಸಾಫ್ಟ್‌ವೇರ್ ವಾಪಸ್ ತರುವುದಿಲ್ಲ.

ಸಾಫ್ಟ್‌ವೇರ್ ಮೇಲೆ ನನಗೆ ಇನ್ನೂ ಸಿಟ್ಟಿದೆ. ಚಿತ್ರ ಬಂದ ಕೂಡಲೇ ಅದು ತಾನಾಗಿಯೇ ಶಾರ್ಪ್ ಫಿಲ್ಟರ್ ಹಾಕುತ್ತಿತ್ತು. ಒಬ್ಬರ ಹಲ್ಲಿಗೆ ಹಾಕಿದ್ದ ಲೋಹದ ಕ್ಯಾಪ್‌ನ ಅಂಚಿನ ಕೆಳಗೆ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡಿತು. ಒಳಗೆ ಹುಳುಕು ಹತ್ತಿದೆ ಅಂದುಕೊಂಡು ಕ್ಯಾಪ್ ತೆಗೆಯಲು ತಯಾರಾದೆ. ಯಾಕೋ ಅನುಮಾನ ಬಂದು ಫಿಲ್ಟರ್ ತೆಗೆದು ನೋಡಿದರೆ ಗೆರೆಯೇ ಇಲ್ಲ! ಪ್ರೋಬ್ (ಹಲ್ಲು ಪರೀಕ್ಷಿಸುವ ಚೂಪು ಕಡ್ಡಿ) ಆಡಿಸಿದೆ, ಹಲ್ಲು ಗಟ್ಟಿಯಾಗಿತ್ತು. ಲೋಹದ ಅಂಚನ್ನು ಎದ್ದು ಕಾಣಿಸಲು ಹೋಗಿ ಫಿಲ್ಟರ್ ಪಕ್ಕದಲ್ಲೇ ಸುಳ್ಳು ನೆರಳು ಹುಟ್ಟಿಸಿತ್ತು. ಒಳ್ಳೆಯ ಹಲ್ಲನ್ನು ಕೊರೆದುಬಿಡುತ್ತಿದ್ದೆ, ಅಲ್ವಾ? ಈಗ ಮೂಲ ಚಿತ್ರ ನೋಡದೆ ನಾನು ಏನನ್ನೂ ಹೇಳುವುದಿಲ್ಲ.

ಇನ್ನೊಂದು ದೂರು ವೈರಿನದು. ಮೂರನೇ ವರ್ಷ ಅದು ಸೆನ್ಸರ್‌ಗೆ ಸೇರುವ ಜಾಗದಲ್ಲಿ ಸಡಿಲವಾಗಿ ಚಿತ್ರದಲ್ಲಿ ಅಡ್ಡ ಗೆರೆ ಬಂತು. ರಿಪೇರಿಗೆ ಮೂರು ವಾರ ಹಿಡಿಯಿತು. ಸೆನ್ಸರ್ ಮೇಲಿನ ಕವರ್ ತೆಗೆಯುವಾಗ ವೈರ್ ಹಿಡಿದು ಎಳೆಯಬೇಡಿ.

ಕೊಳ್ಳುವವರು ಡೆಮೋ ಲ್ಯಾಪ್‌ಟಾಪ್‌ನಲ್ಲಿರುವ ಚಿತ್ರ ನೋಡಿ ಒಪ್ಪಬೇಡಿ. ಕಿತ್ತ ಹಲ್ಲೊಂದರಲ್ಲಿ 15ರ ಫೈಲ್ ಇಟ್ಟು, ನಿಮ್ಮದೇ ಎಕ್ಸ್‌ರೇ ಮೆಷಿನ್‌ನಲ್ಲಿ, ಫಿಲ್ಟರ್ ಆಫ್ ಮಾಡಿಸಿ ತೆಗೆಸಿ.