ಸೀಡರಾ ಸ್ಪ್ರೂಸಾ? ಕಾರವಾರದ ಹವೆಯಲ್ಲಿ ಎರಡು ಕ್ಲಾಸಿಕಲ್ ಗಿಟಾರ್ ನುಡಿಸಿ ನೋಡಿದ್ದು

ಕೈಯಲ್ಲಿ ಮಾಡಿದ ಕ್ಲಾಸಿಕಲ್ ಗಿಟಾರ್ ತಗೋಬೇಕು ಅಂತ ನಮ್ಮ ಕಡೆ ಯಾರಾದ್ರೂ ಕೇಳಿದ್ರೆ ಮಾತು ಸೀದಾ ಹಿಂಬದಿ ಹಲಗೆಗೇ ಹೋಗುತ್ತೆ, ಬೀಟೆ ಹಾಕಿದಾರಾ, ಎಷ್ಟು ಕಪ್ಪಿದೆ, ಗೆರೆ ಹೆಂಗಿದೆ ಅಂತ. ಘಟ್ಟದ ಮರ ನೋಡ್ಕೊಂಡೇ ಬೆಳೆದವ್ರು ನಾವು, ಬೀಟೆ ಮಂಚ ಬೀಟೆ ಬಾಗ್ಲು ಅಂದ್ರೆ ಮನೆಗೊಂದು ಗೌರವ, ಹಾಗಾಗಿ ಅದನ್ನೇ ಕೇಳೋದು ಸಹಜ. ಆದ್ರೆ ಗಿಟಾರಿನ ದನಿ ಹೆಚ್ಚುಪಾಲು ಹುಟ್ಟೋದು ಮುಂದಿನ ಹಲಗೆಯಲ್ಲಿ, ಅಂದ್ರೆ ಟಾಪಲ್ಲಿ, ಅದು ಸುಮಾರು 2ರಿಂದ 2.5 ಮಿ.ಮೀ ದಪ್ಪ ಇರುತ್ತೆ ಅಷ್ಟೇ. ಇವತ್ತಿನ ಕ್ಲಾಸಿಕಲ್ ಗಿಟಾರಿನ ಆಕಾರ ಅಳತೆ ಎಲ್ಲ ಗಟ್ಟಿ ಮಾಡಿದ ಸ್ಪೇನಿನ ಆಂಟೋನಿಯೊ ದೆ ಟೋರೆಸ್ 1862ರಲ್ಲೇ ಪಕ್ಕ ಮತ್ತು ಹಿಂಬದಿಯನ್ನ ಕಾಗದದ ರಟ್ಟಲ್ಲಿ ಮಾಡಿ ಟಾಪ್ ಮಾತ್ರ ಒಳ್ಳೆ ಮರದ್ದು ಹಾಕಿ ಒಂದು ಗಿಟಾರ್ ಕಟ್ಟಿ ತೋರಿಸಿದ್ದ. ಬೀಟೆಯಿಂದ ಏನೂ ಆಗಲ್ಲ ಅಂತ ಅಲ್ಲ, ಮಂದ್ರದ ತಂತಿಗೆ ಒಂದು ತೂಕ ಬರುತ್ತೆ, ದನಿ ಸ್ವಲ್ಪ ಹೊತ್ತು ನಿಲ್ಲುತ್ತೆ, ಆದ್ರೆ ದುಡ್ಡನ್ನೆಲ್ಲ ಅಲ್ಲೇ ಸುರಿಯೋದು ಬೇಡ.

ನನಗೆ ಹೋಲಿಸೋಕೆ ಒಳ್ಳೆ ಅವಕಾಶ ಸಿಕ್ಕಿದ್ದು ಯಾಕಂದ್ರೆ ಎರಡೂ ಗಿಟಾರು ಒಬ್ರೇ ಮಾಡಿದ್ದು, ಒಂದೇ ನಕ್ಷೆ, 650 ಮಿ.ಮೀ ಸ್ಕೇಲ್ (ಅಂದ್ರೆ ಮಿಡಿಯೋ ತಂತಿಯ ಉದ್ದ), ಕುತ್ತಿಗೆ ತುದಿಯಲ್ಲಿ ತಂತಿ ಕೂರೋ ಪಟ್ಟಿ, ಅಂದ್ರೆ ನಟ್ ಹತ್ರ 52 ಮಿ.ಮೀ ಅಗಲ, ಒಳಗಡೆ ಬೀಸಣಿಗೆ ಥರ ಹರಡಿರೋ ಏಳು ಪಟ್ಟಿ, ಹಿಂಬದಿ ಪಕ್ಕ ಎರಡಕ್ಕೂ ಬೀಟೆ. ಟಾಪ್ ಮಾತ್ರ ಬೇರೆ. ನನ್ನದು ಯುರೋಪಿನ ಸ್ಪ್ರೂಸ್ ಅನ್ನೋ ಮರ, ಶಿರಸಿಯ ಗೆಳೆಯಂದು ಕೆಂಪು ಸೀಡರ್ (ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಮರ, ನಮ್ಮ ಹಿಮಾಲಯದ ದೇವದಾರು ಅಲ್ಲ). ಒಂದು ಮಳೆಗಾಲ ಒಂದು ಚಳಿಗಾಲ ಘಟ್ಟದ ಮೇಲೆ ಕೆಳಗೆ ಅದಲು ಬದಲು ಮಾಡ್ಕೊಂಡು ನುಡಿಸಿದ್ವಿ, ತಂತಿನೂ ಒಂದೇ ಕಂಪನಿದು ಒಂದೇ ಟೆನ್ಶನ್ನಿಂದು ಹಾಕಿದ್ವಿ, ಇಲ್ಲಾಂದ್ರೆ ನೀವು ಕೇಳ್ತಾ ಇರೋದು ಮರದ ವ್ಯತ್ಯಾಸನಾ ತಂತಿ ವ್ಯತ್ಯಾಸನಾ ಗೊತ್ತೇ ಆಗಲ್ಲ.

ಮೊದಲ ಸಲ ಕೈಗೆ ತಗೊಂಡವ್ರಿಗೆಲ್ಲ ಸೀಡರೇ ಇಷ್ಟ ಆಗುತ್ತೆ. ಮೆತ್ತಗೆ ಮೀಟಿದ್ರೂ ದನಿ ತುಂಬ್ಕೊಂಡು ಬರುತ್ತೆ, ಬೆಚ್ಚಗಿರುತ್ತೆ, ಹೊಸದಾಗಿದ್ದಾಗ್ಲೇ ಪೂರ್ತಿ ಬಿಚ್ಚಿಕೊಂಡಿರುತ್ತೆ. ಗೆಳೆಯ ಹೇಳೋದು, "ನಿಂದು ಕೇಳಿದ್ರೆ ಮಾತ್ರ ಮಾತಾಡ್ತು, ನಂದು ಮುಟ್ಟಿದ್ರೆ ಸಾಕು ಹಾಡ್ತು." ಮಾತು ನಿಜ. ಕ್ಲಾಸಿಕಲ್ ಗಿಟಾರಿಗೆ ಸೀಡರ್ ದೊಡ್ಡ ಮಟ್ಟದಲ್ಲಿ ಬಂದಿದ್ದು 1960ರ ದಶಕದಲ್ಲಿ, ಮ್ಯಾಡ್ರಿಡ್ಡಿನಲ್ಲಿ ಗಿಟಾರ್ ಮಾಡ್ತಿದ್ದ ಮೂರನೇ ಹೋಸೆ ರಾಮಿರೆಸ್ ಬಳಸೋಕೆ ಶುರು ಮಾಡಿದ್ಮೇಲೆ, ಅದು ಅಷ್ಟು ಬೇಗ ಹರಡಿದ್ದು ಯಾಕೆ ಅಂತ ಈ ಗಿಟಾರ್ ನುಡಿಸಿದ್ಮೇಲೆ ನನಗೆ ಅರ್ಥ ಆಯ್ತು.

ಆದ್ರೆ ಸ್ವಲ್ಪ ದಿನ ಕೂತು ನುಡಿಸಿ. ಬಲಗೈಯನ್ನ ಬ್ರಿಡ್ಜ್ (ಟಾಪಿನ ಮೇಲೆ ತಂತಿ ಕಟ್ಟೋ ಪಟ್ಟಿ) ಹತ್ರ ತಂದು ಮೀಟಿ, ಆಮೇಲೆ ಸೌಂಡ್ ಹೋಲ್ ದಾಟಿ ಫಿಂಗರ್‌ಬೋರ್ಡ್ ಕಡೆ ಹೋಗಿ ಅದೇ ಸಾಲು ಮೀಟಿ. ಸ್ಪ್ರೂಸಲ್ಲಿ ಎರಡೂ ಬೇರೆ ಬೇರೆ ಬಣ್ಣ, ಒಂದು ಚುರುಕು ಒಂದು ಮೃದು, ಮಧ್ಯದಲ್ಲಿ ಇನ್ನೂ ಎಷ್ಟೋ ಛಾಯೆ ಸಿಗುತ್ತೆ. ಸೀಡರಲ್ಲಿ ವ್ಯತ್ಯಾಸ ಇದೆ, ಆದ್ರೆ ಎಲ್ಲದರ ಮೇಲೂ ಆ ಬೆಚ್ಚನೆ ಬಣ್ಣ ಕೂತೇ ಇರುತ್ತೆ. ಮೂರು ದನಿ ಒಟ್ಟಿಗೆ ಹೋಗೋ ಕಡೆ ಸ್ಪ್ರೂಸಲ್ಲಿ ಒಳಗಿನ ದನಿ ಬಿಡಿಬಿಡಿಯಾಗಿ ಕೇಳುತ್ತೆ, ಸೀಡರಲ್ಲಿ ಅವು ಒಂದಕ್ಕೊಂದು ಬೆರೆತು ಹೋಗುತ್ತೆ. ಜೋರಾಗಿ ಮೀಟಿದಾಗ ಸೀಡರ್ ಒಂದು ಹಂತಕ್ಕೆ ನಿಂತುಬಿಡುತ್ತೆ, ಸ್ಪ್ರೂಸ್ ಇನ್ನೂ ಕೊಡ್ತಾ ಹೋಗುತ್ತೆ. ಮತ್ತೆ ಸ್ಪ್ರೂಸ್ ನುಡಿಸ್ತಾ ನುಡಿಸ್ತಾ ಬಿಚ್ಚಿಕೊಳ್ಳುತ್ತೆ ಅಂತಾರಲ್ಲ, ನನ್ನದು ಮೊದಮೊದಲು ಬಿಗಿಯಾಗಿತ್ತು, ಈಗ ಹಾಗಿಲ್ಲ, ಮರ ಬದಲಾಯ್ತೋ ನನ್ನ ಕೈ ಅದಕ್ಕೆ ಒಗ್ಗಿತೋ, ಎರಡೂ ಇರಬಹುದು.

ಇನ್ನು ನಮ್ಮ ಕರಾವಳಿಯ ನಿಜವಾದ ಪರೀಕ್ಷೆ ಮಳೆಗಾಲ. ಮರ ನೀರಂಶ ಹೀರಿದಾಗ ನಾರಿಗೆ ಅಡ್ಡಲಾಗಿ ಹಿಗ್ಗುತ್ತೆ, ಟಾಪ್ ಹೊಟ್ಟೆ ಥರ ಉಬ್ಬುತ್ತೆ, ಅದರ ಜೊತೆ ಬ್ರಿಡ್ಜ್ ಮೇಲೆದ್ದು ತಂತಿನೂ ಎತ್ತರ ಆಗುತ್ತೆ. ಗಿಟಾರಿಗೆ ಒಳ್ಳೇದು 45ರಿಂದ 55 ಪರ್ಸೆಂಟ್ ತೇವ, ಆಷಾಢದಲ್ಲಿ ಕಾರವಾರದ ಮನೆಯೊಳಗೆ ತೇವ ಅಳೆಯೋ ಮೀಟರ್ 85ಕ್ಕಿಂತ ಕೆಳಗಿಳಿಯೋದೇ ಇಲ್ಲ. ನನ್ನ ಸ್ಪ್ರೂಸಲ್ಲಿ ಹನ್ನೆರಡನೇ ಫ್ರೆಟ್ (ಕುತ್ತಿಗೆ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ಆರನೇ ತಂತಿ 4 ಮಿ.ಮೀ ಇದ್ದಿದ್ದು 5ರ ಹತ್ರ ಹೋಯ್ತು, ಬಾರೆ, ಅಂದ್ರೆ ಒಂದೇ ಬೆರಳಲ್ಲಿ ಎಲ್ಲ ತಂತಿ ಒತ್ತಿ ಹಿಡಿಯೋಕೆ ಎಡಗೈ ನೋವು ಬರೋಷ್ಟು. ಅದೇ ಮನೆಯಲ್ಲಿ ಸೀಡರ್ ಇದ್ದಾಗ ಏರಿದ್ದು ಅದರ ಅರ್ಧದಷ್ಟೂ ಇಲ್ಲ. ಸೀಡರ್ ಹವೆಗೆ ಕಮ್ಮಿ ಹಿಗ್ಗಿ ಕುಗ್ಗೋ ಮರ, ಅದು ಕಣ್ಣಿಗೇ ಕಾಣ್ತು. ದನಿ ಮಂಕಾಗೋದು ಮಾತ್ರ ಎರಡಕ್ಕೂ ತಪ್ಪಿದ್ದಲ್ಲ. ದಯವಿಟ್ಟು ಬಟ್ಟೆ ಕಪಾಟಿಗೆ ಬಲ್ಬ್ ಹಾಕ್ತೀವಲ್ಲ ಅದರೊಳಗೆ ಗಿಟಾರ್ ಇಡಬೇಡಿ, ಒಂದೇ ಕಡೆ ಕಾದು ಅಂಟು ಬಿಡುತ್ತೆ, ಗಟ್ಟಿ ಕೇಸಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ, ಜೆಲ್ ಆಗಾಗ ಬಿಸಿ ಮಾಡಿ ಒಣಗಿಸಿ, ಮೀಟರ್ ನೋಡ್ತಾ ಇರಿ. ಶಿರಸಿಯಲ್ಲಿ ಮಳೆ ಕಮ್ಮಿ ಏನಲ್ಲ, ಆದ್ರೆ ಅಲ್ಲಿ ಉಪ್ಪುಗಾಳಿ ಇಲ್ಲ, ಕಾರವಾರದಲ್ಲಿ ಫ್ರೆಟ್ಟು, ತಂತಿ ಬಿಗಿಸೋ ಕಿವಿಯ ಮಶಿನ್ನು, ಮಂದ್ರದ ತಂತಿ ಎಲ್ಲ ಬೇಗ ಕಪ್ಪಾಗುತ್ತೆ.

ಪಾಲಿಶಿನ ವಿಷಯ. ಎರಡಕ್ಕೂ ಅರಗಿನ ಫ್ರೆಂಚ್ ಪಾಲಿಶ್ ಇತ್ತು, ಅದು ತೆಳ್ಳಗೆ ಕೂರುತ್ತೆ, ಟಾಪಿಗೆ ಭಾರ ಆಗಲ್ಲ. ಮಳೆಗಾಲದಲ್ಲಿ ಬಲಗೈ ಬೆವರು ತಾಗೋ ಕಡೆ ಬೆಳ್ಳಗೆ ಮಸುಕಾಗುತ್ತೆ, ಆದ್ರೆ ಹೊಸ ಪದರ ಹಳೇದರಲ್ಲೇ ಕರಗಿ ಸೇರ್ಕೊಳ್ಳೋದ್ರಿಂದ ರಿಪೇರಿ ಸುಲಭ. ಇನ್ನೊಂದು ಬಗೆಯ ಪಾಲಿಶ್ ಲ್ಯಾಕರ್, ಅದು ಗಟ್ಟಿ, ಸುಲಭಕ್ಕೆ ಕೆಡಲ್ಲ, ಕೆಟ್ರೆ ಮಾತ್ರ ಕಷ್ಟ. ಮಕ್ಕಳಿರೋ ಮನೆಗೆ ಲ್ಯಾಕರೇ ಸರಿ.

ಗೋವಾದಲ್ಲಿ ಪರಿಚಯದವರ ಹತ್ರ ಲ್ಯಾಟಿಸ್ ಗಿಟಾರೂ ನುಡಿಸಿದೀನಿ. ಆಸ್ಟ್ರೇಲಿಯಾದ ಗ್ರೆಗ್ ಸ್ಮಾಲ್ಮನ್ ಶುರು ಮಾಡಿದ ದಾರಿ ಅದು, ಬಾಲ್ಸಾ ಮತ್ತು ಕಾರ್ಬನ್ ಫೈಬರಿನ ಜಾಲರಿ ಮೇಲೆ ಕಾಗದದಷ್ಟು ತೆಳು ಟಾಪ್. ದನಿ ಕೋಣೆ ತುಂಬುತ್ತೆ, ಮೈಕಿಲ್ಲದೆ ಸಭೆಯಲ್ಲಿ ನುಡಿಸೋರಿಗೆ ಒಳ್ಳೇದು. ಮನೆಯಲ್ಲಿ ರಾತ್ರಿ ಕೂತು ನುಡಿಸೋ ನನಗೆ ಅದು ಬೇಕಾಗಿಲ್ಲ.

ಮನೆ ಹಿಂದಿನ ಬೀಟೆ ಕೊಯ್ಸಿ ಗಿಟಾರ್ ಮಾಡಿಸ್ತೀನಿ ಅನ್ನೋರಿಗೆ ಒಂದು ಮಾತು, ಸ್ವಂತ ಜಾಗದಲ್ಲಿದ್ರೂ ಆ ಮರಕ್ಕೆ ಅರಣ್ಯ ಇಲಾಖೆ ಪರವಾನಗಿ ಬೇಕು, ಕೊಯ್ದ ಹಲಗೆ ವರ್ಷಗಟ್ಟಲೆ ನೆರಳಲ್ಲಿ ಒಣಗಬೇಕು. ಮತ್ತೆ ಅಂಗಡಿಯವರು ಏನೇ ಹೇಳ್ಲಿ ಕ್ಲಾಸಿಕಲ್ ಗಿಟಾರಿಗೆ ಸ್ಟೀಲ್ ತಂತಿ ಹಾಕಿಸಬೇಡಿ. ನೈಲಾನ್ ಸೆಟ್ಟಿನ ಎಳೆತ ಹೆಚ್ಚುಕಮ್ಮಿ 40 ಕೆಜಿ, ಸ್ಟೀಲಿಂದು 70 ಕೆಜಿ ಸುತ್ತಮುತ್ತ, ಬ್ರಿಡ್ಜ್ ಕಿತ್ಕೊಂಡು ಬರುತ್ತೆ.

ಯಾವುದು ತಗೋಬೇಕು ಅಂದ್ರೆ, ಕಾರವಾರ ಅಂಕೋಲಾ ಕುಮಟಾ ಹೊನ್ನಾವರದಲ್ಲಿ ಇದ್ದು, ಗಿಟಾರನ್ನ ಗೋಡೆಗೆ ನೇತುಹಾಕಿ ಬೇಕಾದಾಗ ತೆಗೆದು ನುಡಿಸೋರು ನೀವಾದ್ರೆ ಸೀಡರ್ ತಗೊಳ್ಳಿ, ಉಗುರು ತಾಗಿದ್ರೆ ಬೇಗ ಗೀರು ಬೀಳುತ್ತೆ, ಅದೊಂದು ಬಿಟ್ರೆ ಅದು ನಿಮಗೆ ತೊಂದ್ರೆ ಕೊಡಲ್ಲ. ದಿನಾ ಸಾಧನೆ ಮಾಡೋರು, ಕೇಸು ಮೀಟರು ಎಲ್ಲ ನೋಡ್ಕೊಳ್ಳೋ ತಾಳ್ಮೆ ಇರೋರು ಸ್ಪ್ರೂಸಿಗೆ ಹೋಗಿ. ನಾನಂತೂ ಅಷ್ಟೆಲ್ಲ ಕಷ್ಟ ಇದ್ರೂ ಅದನ್ನ ಬಿಟ್ಟುಕೊಡಲ್ಲ, ಡಿಸೆಂಬರಿನ ಒಣಗಾಳಿಯಲ್ಲಿ ಅದರ ಮೊದಲ ತಂತಿ ಕೇಳಿದ್ರೆ ನೀವೂ ಬಿಡಲ್ಲ. ಯಾವುದೇ ಆಗ್ಲಿ, ಮಾಡೋರ ಹತ್ರ ಹೋದಾಗ ಪ್ರತಿ ತಂತಿಯ ಪ್ರತಿ ಫ್ರೆಟ್ಟೂ ಒತ್ತಿ ಮೀಟಿ ನೋಡಿ, ಎಲ್ಲೋ ಒಂದು ಸ್ವರ ಥಟ್ಟನೆ ಸತ್ತುಹೋದ್ರೆ ಅಲ್ಲೇ ಗೊತ್ತಾಗುತ್ತೆ. ಬ್ರಿಡ್ಜಲ್ಲಿ ಕೂರೋ ಮೂಳೆ ಪಟ್ಟಿ ಇದೆಯಲ್ಲ, ಸ್ಯಾಡಲ್, ಅದನ್ನ ಎರಡು ಮಾಡಿಸ್ಕೊಳ್ಳಿ, ಒಂದು ಮಾಮೂಲಿ ಎತ್ತರದ್ದು, ಇನ್ನೊಂದು ಸ್ವಲ್ಪ ಗಿಡ್ಡ. ಜೂನಲ್ಲಿ ಗಿಡ್ಡದ್ದು ಹಾಕಿ, ದೀಪಾವಳಿ ಕಳೆದ್ಮೇಲೆ ಮತ್ತೆ ಎತ್ತರದ್ದು.