ಹೊಲಿಗೆ ಮಿಷನ್ ಪಕ್ಕದ 100.6: ನಮ್ಮ ಮೈಸೂರು ಆಕಾಶವಾಣಿ

ಮೈಸೂರಿನ ಒಂಟಿಕೊಪ್ಪಲಿನಲ್ಲಿ ನನ್ನದೊಂದು ಲೇಡೀಸ್ ಟೈಲರಿಂಗ್ ಅಂಗಡಿ ಇದೆ. ಮೂವತ್ತು ವರ್ಷ ದಾಟಿತು. ಮಿಷನ್ ಎದುರಿನ ಗೂಡಿನಲ್ಲಿ ಒಂದು ರೇಡಿಯೋ. ಮುಳ್ಳು ಮೈಸೂರು ಆಕಾಶವಾಣಿಯ 100.6ರಲ್ಲೇ ನಿಂತಿದೆ. ಬಟ್ಟೆಯ ಧೂಳು ಕೂತು ಬೇರೆ ನಂಬರ್‌ಗಳು ಸರಿಯಾಗಿ ಕಾಣುವುದಿಲ್ಲ, ನನಗೆ ಬೇಕಾಗಿಯೂ ಇಲ್ಲ.

ಹೊಲಿಯುವವರಿಗೆ ಕೈಗೆ ಬಿಡುವಿಲ್ಲ, ಕಣ್ಣಿಗೂ ಬಿಡುವಿಲ್ಲ. ಕಿವಿ ಮಾತ್ರ ಖಾಲಿ. ಟಿವಿ ಇಟ್ಟರೆ ಕತ್ತರಿ ಎಲ್ಲೋ ಹೋಗುತ್ತೆ, ಮೊಬೈಲ್ ಹಿಡಿದರೆ ಅಳತೆ ಮರೆಯುತ್ತೆ. ರೇಡಿಯೋ ಹಾಗಲ್ಲ. ಅದರಲ್ಲೂ ಈ ನಿಲಯದವರು ಮಾತಾಡುವ ರೀತಿ ನನಗೆ ತುಂಬಾ ಇಷ್ಟ. ಕಿರುಚುವುದಿಲ್ಲ. ಒಂದು ವಾಕ್ಯ ಮುಗಿಸಿ ಉಸಿರು ತಗೊಂಡು ಇನ್ನೊಂದಕ್ಕೆ ಹೋಗುತ್ತಾರೆ. ಮನೆ ಜಗಲಿ ಮೇಲೆ ಕೂತು ಮಾತಾಡಿದ ಹಾಗಿರುತ್ತೆ.

ಅದಕ್ಕೆ ಕಾರಣವೂ ಇದೆ ಅಂತ ನನ್ನ ನಂಬಿಕೆ. ಈ ರೇಡಿಯೋ ಹುಟ್ಟಿದ್ದೇ ಒಂದು ಮನೆಯಲ್ಲಿ. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ ಪ್ರಸಾರ ಶುರು ಮಾಡಿದರು. ಸರ್ಕಾರ ಹೇಳಿದ್ದಲ್ಲ, ಅವರೇ ಆಸೆಪಟ್ಟು ಮಾಡಿದ್ದು. ಸಣ್ಣದೊಂದು ಟ್ರಾನ್ಸ್‌ಮಿಟರ್, ಒಬ್ಬ ಮೇಷ್ಟ್ರು, ಒಂದು ಮನೆ. ಈಗ ಯಾದವಗಿರಿಯಲ್ಲಿರುವ ನಿಲಯಕ್ಕೂ ಆ ಮನೆಗೂ ನಡೆದು ಹೋಗುವಷ್ಟೇ ದೂರ.

‘ಆಕಾಶವಾಣಿ’ ಅನ್ನುವ ಹೆಸರೂ ಇಲ್ಲಿಯದೇ. ಆ ಹೆಸರು ಸೂಚಿಸಿದವರು ಕನ್ನಡದ ಹಾಸ್ಯ ಸಾಹಿತಿ ನಾ. ಕಸ್ತೂರಿ ಅವರು ಎಂದು ಮೈಸೂರಿನವರು ಹೇಳುತ್ತಾರೆ. ದೇವಕಿಯ ಮದುವೆ ದಿಬ್ಬಣದಲ್ಲಿ ಕಂಸನಿಗೆ ಆಕಾಶದಿಂದ ಮಾತು ಕೇಳಿಸಿತಲ್ಲ, ಆ ಕಥೆ ಗೊತ್ತಿದ್ದ ಅಜ್ಜಿಯರಿಗೆ ರೇಡಿಯೋ ಅಂದರೇನು ಅಂತ ಬೇರೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಮೇಲೆ ಇಡೀ ದೇಶದ ರೇಡಿಯೋಗೇ ಆ ಹೆಸರು ಬಂತು. 2023ರಲ್ಲಿ ದೆಹಲಿಯವರು ಇಂಗ್ಲಿಷಿನಲ್ಲೂ ‘ಆಲ್ ಇಂಡಿಯಾ ರೇಡಿಯೋ’ ಅನ್ನಬೇಡಿ, ‘ಆಕಾಶವಾಣಿ’ ಅನ್ನಿ ಎಂದು ಆದೇಶ ಮಾಡಿದರು. ಆ ಸುದ್ದಿ ಕೇಳಿದಾಗ ನಾನು ಗುಂಡಿ ಹಾಕುತ್ತಿದ್ದೆ. ನಮ್ಮ ಬೀದಿಯ ಹೆಸರೇ ದೆಹಲಿಗೆ ಹೋಗಿ ಬಂದಷ್ಟು ಖುಷಿಯಾಯಿತು.

ಮೊದಲು ಗೋಪಾಲಸ್ವಾಮಿಯವರೇ ನಡೆಸಿದರು, ಆಮೇಲೆ ಸಂಸ್ಥಾನ ವಹಿಸಿಕೊಂಡಿತು. 1950ರಲ್ಲಿ ಕೇಂದ್ರ ಸರ್ಕಾರದ ಕೈಗೆ ಹೋಯಿತು. 1955ರಲ್ಲಿ ನಿಲಯವೇ ಬೆಂಗಳೂರಿಗೆ ಹೋಯಿತು. ಹತ್ತೊಂಬತ್ತು ವರ್ಷ ಮೈಸೂರಿಗೆ ಅಂತ ಸ್ವಂತ ದನಿ ಇರಲಿಲ್ಲ. ಮತ್ತೆ ಶುರುವಾಗಿದ್ದು 1974ರ ನವೆಂಬರ್ 14ಕ್ಕೆ. ನಾನಾಗ ಎಂಟು ವರ್ಷದವಳು. ಪೋಸ್ಟ್ ಆಫೀಸಿನಲ್ಲಿ ರೇಡಿಯೋ ಲೈಸೆನ್ಸ್ ದುಡ್ಡು ಕಟ್ಟುವಾಗ ಪ್ರತಿ ವರ್ಷ ಗೊಣಗುತ್ತಿದ್ದ ನಮ್ಮಪ್ಪ ಅವತ್ತು ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿದ್ದರು. “ನಮ್ಮೂರಿಂದು ನಮ್ಮೂರಿಗೆ ವಾಪಸ್ ಬಂತು” ಅಂತ ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಈಗ ಕಾರ್ಯಕ್ರಮಗಳ ವಿಷಯ. ಬೆಳಿಗ್ಗೆ ಶುರುವಿನಲ್ಲಿ ಆ ಹಳೆಯ ರಾಗ, ಹಿಂದೆ ತಂಬೂರಿ, ಮೇಲೆ ಪಿಟೀಲು. ಹಿಟ್ಲರನ ಕಾಲದಲ್ಲಿ ಯುರೋಪ್ ಬಿಟ್ಟು ಬಂದು ಮುಂಬೈ ರೇಡಿಯೋದಲ್ಲಿ ಕೆಲಸ ಮಾಡಿದ ವಾಲ್ಟರ್ ಕೌಫ್‌ಮನ್ ಎನ್ನುವವರು ಅದನ್ನು ಮಾಡಿದ್ದಂತೆ. ಮನೆ ಬಿಟ್ಟು ಬಂದವರು ಕಟ್ಟಿದ ರಾಗ ನಮ್ಮ ಎಲ್ಲರ ಮನೆ ಬೆಳಗಿನ ರಾಗವಾಯಿತು. 6.55ಕ್ಕೆ ಸಂಸ್ಕೃತ ವಾರ್ತೆ. ಅರ್ಥವಾಗುವುದು ಕಡಿಮೆ, ಆದರೆ ಅದು ಬಂತೆಂದರೆ ಹಾಲಿನ ಪಾತ್ರೆ ಒಲೆ ಮೇಲಿರಬೇಕು. 7.35ರ ಕನ್ನಡ ವಾರ್ತೆ ಹೊತ್ತಿಗೆ ನಾನು ಅಂಗಡಿ ಬಾಗಿಲು ತೆಗೆದಿರುತ್ತೇನೆ. ಅಲ್ಲಿಂದಾಚೆಗೆ ಚಿತ್ರಗೀತೆ, ಭಾವಗೀತೆ, ರೈತರಿಗೆ ಸಲಹೆ, ಡಾಕ್ಟರ ಜೊತೆ ಮಾತುಕತೆ, ಕರ್ನಾಟಕ ಸಂಗೀತ, ನಾಟಕ. ನನಗೆ ಒಂದು ಗುಂಟೆ ಜಮೀನಿಲ್ಲ, ಆದರೂ ರಾಗಿಗೆ ಬೆಂಕಿ ರೋಗ ಬಂದರೆ ಏನು ಮಾಡಬೇಕು ಅಂತ ಗೊತ್ತು! ಬ್ಲೌಸಿಗೆ ಬರುವ ಹಳ್ಳಿ ಹೆಂಗಸರ ಜೊತೆ ಮಾತಿಗೆ ಅದೇ ಒಂದು ದಾರಿ.

ಸಂಗೀತದ ಬಗ್ಗೆ ಒಂದು ಮಾತು ಜಾಸ್ತಿ ಹೇಳಲೇಬೇಕು. ಇಲ್ಲಿ ಯಾರೋ ಬಂದು ಸುಮ್ನೆ ಹಾಡಿ ಹೋಗುವ ಹಾಗಿಲ್ಲ. ಆಡಿಷನ್ ಇದೆ, ಬಿ, ಬಿ ಹೈ, ಎ ಅಂತ ಗ್ರೇಡ್ ಇದೆ. ನನ್ನ ಗಿರಾಕಿಯೊಬ್ಬರು ವರ್ಷಗಟ್ಟಲೆ ಸಾಧನೆ ಮಾಡಿ ಬಿ ಹೈ ತಗೊಂಡರು. ರೆಕಾರ್ಡಿಂಗಿಗೆ ಅಂತ ನನ್ನ ಹತ್ತಿರ ಹೊಸ ಬ್ಲೌಸ್ ಹೊಲಿಸಿದರು. “ರೇಡಿಯೋದಲ್ಲಿ ಕಾಣಲ್ಲ ಅಲ್ವಾಮ್ಮ” ಅಂದೆ. “ಕಾಣದಿದ್ದರೂ ಮರ್ಯಾದೆ ಮರ್ಯಾದೆನೇ” ಅಂದರು.

ನಾನೂ ಒಮ್ಮೆ ಒಳಗೆ ಹೋಗಿದ್ದೆ. ನಮ್ಮ ಮಹಿಳಾ ಸಂಘದ ಏಳು ಜನ ಸೋಬಾನೆ ಪದ ಹೇಳಲು. ಸ್ಟುಡಿಯೋ ಬಾಗಿಲು ದಿಂಡಿನ ಹಾಗೆ ದಪ್ಪ. ಮುಚ್ಚಿದ ತಕ್ಷಣ ಹೊರಗಿನ ರಸ್ತೆ, ರೈಲು ಎಲ್ಲ ಮಾಯ. ನನ್ನ ಉಸಿರು ನನಗೇ ಕೇಳಿಸಿತು. ಒಬ್ಬ ಮೇಡಂ ಬಂದು ಮೆಲ್ಲಗೆ, “ಎಲ್ಲರೂ ಬಳೆ ತೆಗೆದಿಡಿ, ಸದ್ದು ಮೈಕಿಗೆ ಬೀಳುತ್ತೆ” ಅಂದರು. ನಮ್ಮಲ್ಲಿ ಒಬ್ಬ ಅಜ್ಜಿ, ಮದುವೆಯಾದಾಗಿನಿಂದ ಕೈ ಬರಿದು ಮಾಡಿದವರಲ್ಲ. ತೆಗೆಯಲ್ಲ ಎಂದುಬಿಟ್ಟರು. ಆ ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. ತಮ್ಮ ಕರ್ಚೀಫ್ ಕೊಟ್ಟು ಬಳೆಗಳ ಮೇಲೆ ಸುತ್ತಿಸಿದರು. ಗಾಜಿನಾಚೆ ಕೆಂಪು ದೀಪ ಹತ್ತಿತು, ನಾವು ಹಾಡಿದೆವು. ಪ್ರಸಾರವಾದ ದಿನ ಅಜ್ಜಿಯ ದನಿಯೇ ಎಲ್ಲರಿಗಿಂತ ಚೆನ್ನಾಗಿ ಕೇಳಿಸಿತು.

ನನಗೆ ಮೈಸೂರು, ಚಾಮರಾಜನಗರ, ಮಂಡ್ಯ ಕಡೆಯ ದನಿ ಬಂದಾಗ ಹಿಡಿಸುವಷ್ಟು ಬೇರೆ ಕಡೆಯಿಂದ ರಿಲೇ ಆಗುವ ಕಾರ್ಯಕ್ರಮ ಹಿಡಿಸುವುದಿಲ್ಲ. ಇಲ್ಲಿಯ ಮಾತೇ ಇನ್ನೂ ಜಾಸ್ತಿ ಇರಲಿ ಅಂತ ನನ್ನ ಆಸೆ.

ಕೇಳಬೇಕು ಅನ್ನುವವರಿಗೆ ಒಂದು ಸಲಹೆ. ತೀರಾ ಅಗ್ಗದ ಸ್ಪೀಕರ್ ರೇಡಿಯೋ ತಗೋಬೇಡಿ. ನಾನೊಂದು ಅಂಗಡಿಯಲ್ಲಿ ತಂದಿದ್ದೆ, ಮಿಷನ್ ಮೋಟಾರ್ ಹಾಕಿದರೆ ಗೊರಗೊರ ಅನ್ನುತ್ತಿತ್ತು. ಏರಿಯಲ್ ಇರುವ ಸೆಟ್ ತಗೊಂಡು ಕಿಟಕಿ ಹತ್ತಿರ ಇಡಿ. ಊರಾಚೆ ಇರುವವರಿಗೆ ‘ನ್ಯೂಸ್ ಆನ್ ಏರ್’ ಆ್ಯಪ್ ಇದೆ, ದುಡ್ಡಿಲ್ಲ. ಆದರೆ ಸ್ವಲ್ಪ ತಡವಾಗಿ ಬರುತ್ತೆ.

ಆ ತಡ ನನಗೆ ಗೊತ್ತಾಗಿದ್ದು ದಸರಾದಲ್ಲಿ. ಆಯುಧ ಪೂಜೆ ಆದ ಮೇಲೆ ವಿಜಯದಶಮಿ ದಿನ ನಾನು ಮಿಷನ್ ಮುಟ್ಟುವುದಿಲ್ಲ. ಮನೆ ತಾರಸಿಗೆ ರೇಡಿಯೋ ಒಯ್ದು ಜಂಬೂಸವಾರಿಯ ವೀಕ್ಷಕ ವಿವರಣೆ ಕೇಳುತ್ತೇನೆ. 750 ಕಿಲೋ ಅಂಬಾರಿ ಹೊತ್ತ ಆನೆ ಹೇಗೆ ಹೆಜ್ಜೆ ಇಟ್ಟಿತು, ಪಕ್ಕದ ಕುಮ್ಕಿ ಆನೆಗಳ ಮೈ ಮೇಲೆ ಏನು ಬಣ್ಣ, ಎಲ್ಲ ಹೇಳುತ್ತಾರೆ. ಬಟ್ಟೆಯ ಬಣ್ಣ ಹೇಳಿದಾಗ ನನಗೆ ಆ ಸೀರೆಯೇ ಕಣ್ಮುಂದೆ ಬರುತ್ತೆ. ಕುಶಾಲತೋಪು ಶುರುವಾದಾಗ ಮೊದಲು ರೇಡಿಯೋದಲ್ಲಿ ಢಮ್ ಅನ್ನುತ್ತೆ. ಒಂದು, ಎರಡು ಅಂತ ಎಣಿಸುತ್ತಾ ಎಂಟೊಂಬತ್ತಕ್ಕೆ ಬರುವಷ್ಟರಲ್ಲಿ ಅರಮನೆ ಕಡೆಯಿಂದ ಅದೇ ಸದ್ದು ಗಾಳಿಯಲ್ಲಿ ನಡೆದು ಬಂದು ತಾರಸಿ ಮುಟ್ಟುತ್ತೆ. ಪುಣೆಯಲ್ಲಿರುವ ಮಗಳು ಆ್ಯಪ್ ಹಾಕಿಕೊಂಡು ಫೋನಿನಲ್ಲಿರುತ್ತಾಳೆ. ಇಲ್ಲಿ ಎರಡೂ ಸದ್ದು ಮುಗಿದು ಪಾರಿವಾಳಗಳು ಹಾರಿಹೋದ ಮೇಲೆ ಅವಳು ಕೂಗುತ್ತಾಳೆ, “ಅಮ್ಮಾ, ಈಗ ಬಂತು!”